ಸಿಟಿ ಬಸ್ಸಿನಲ್ಲಿ ವಿದೇಶ ಪ್ರವಾಸ

2018ರ ಡಿಸೆಂಬರ್. ಸೆಮಿಸ್ಟರ್ ಪರೀಕ್ಷೆ ಮುಗಿದು ಹೈದರಾಬಾದಿನ ನಮ್ಮ ಹಾಸ್ಟೆಲ್ ಅರ್ಧಕ್ಕರ್ಧ ಖಾಲಿಯಾಗಿತ್ತು. ಉಳಿದಿದ್ದವರು ಎರಡು ಬಗೆಯವರು. ಪ್ರಾಜೆಕ್ಟ್ ಬಾಕಿ ಇಟ್ಟುಕೊಂಡಿದ್ದ ನನ್ನಂತಹ ಸೋಮಾರಿಗಳು ಮತ್ತು ಊರಿಗೆ ಹೋಗಲಾಗದ ವಿದೇಶಿ ವಿದ್ಯಾರ್ಥಿಗಳು. ನನ್ನ ರೂಮಿನ ಗೆಳೆಯ ಎರಡನೇ ಗುಂಪಿನವನು. ಯಮನ್ ದೇಶದ ಹದ್ರಮೌತ್ ಪ್ರಾಂತ್ಯದವನು. ಸೆಯೂನ್ ಪಟ್ಟಣದ ಹತ್ತಿರದ ಒಂದು ಹಳ್ಳಿ ಅವನದು. ಅವನ ಇಂಗ್ಲಿಷ್, ನನ್ನ ಮದ್ರಸಾದ ಅರಬಿ, ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ದಖನಿ ಉರ್ದು, ಈ ಮೂರನ್ನೂ ಕಲಸಿ ನಾವು ಮಾತಾಡುತ್ತಿದ್ದೆವು.

ಅವತ್ತು ಶುಕ್ರವಾರ. ಜುಮಾ ಮುಗಿಸಿ ಬಂದು ಮಲಗಿದ್ದವನಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಹೊಳೆಯಿತು. "ನಡಿ ಮಾರಾಯ, ನೇಪಾಳಕ್ಕೆ ಹೋಗಿಬರೋಣ" ಎಂದೆ. ಮೊಬೈಲಿನಲ್ಲಿ ಲೆಕ್ಕ ಹಾಕಿಯೂ ಆಗಿತ್ತು. ಸಿಕಂದರಾಬಾದಿನಿಂದ ಗೋರಖ್‌ಪುರದವರೆಗೆ ರೈಲಿನ ಸ್ಲೀಪರ್, ಅಲ್ಲಿಂದ ಸುನೌಲಿ ಗಡಿಯವರೆಗೆ ಬಸ್ಸು, ಆಮೇಲೆ ನಡೆದುಕೊಂಡೇ ಗಡಿ ದಾಟುವುದು. ಹೊಟ್ಟೆಗೆ ರೊಟ್ಟಿ ದಾಲ್, ರಾತ್ರಿಗೆ ಸಿಕ್ಕಿದ ಅಗ್ಗದ ಲಾಡ್ಜ್. ಒಬ್ಬೊಬ್ಬರಿಗೆ ಐದು ಸಾವಿರ ಇದ್ದರೆ ವಿದೇಶ ಪ್ರವಾಸ ಮುಗಿಯಿತು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ನನ್ನ ಕಿಸೆಯಲ್ಲಿದ್ದ ಮತದಾರರ ಗುರುತಿನ ಚೀಟಿಯೇ ಸಾಕು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಏನೂ ಹೇಳದೆ ಕಪಾಟು ತೆರೆದು ತನ್ನ ಪಾಸ್‌ಪೋರ್ಟ್ ತೆಗೆದು ನನ್ನ ಕೈಗೆ ಕೊಟ್ಟ. ಅದರ ಅವಧಿ ಮುಗಿಯಲು ಐದು ತಿಂಗಳು ಬಾಕಿ ಇತ್ತು. ಕನಿಷ್ಠ ಆರು ತಿಂಗಳ ಅವಧಿ ಇಲ್ಲದ ಪಾಸ್‌ಪೋರ್ಟನ್ನು ಎಷ್ಟೋ ದೇಶಗಳ ಗಡಿಗಳಲ್ಲಿ ಒಪ್ಪುವುದಿಲ್ಲ. "ಆಚೆ ಹೋಗೋದು ಹೇಗೋ ಆಗಬಹುದು ಯಾ ಅಖೀ, ವಾಪಸ್ ಬಿಡದಿದ್ದರೆ ನನ್ನ ಡಿಗ್ರಿ ಗಡಿಯಲ್ಲೇ ಮುಗಿಯುತ್ತದೆ" ಎಂದು ನಕ್ಕ. ನಗು ಮಾತ್ರ ಅರ್ಧಕ್ಕೇ ನಿಂತಿತು.

ಒಂದೂವರೆ ವರ್ಷ ಒಂದೇ ರೂಮಿನಲ್ಲಿದ್ದರೂ ಅವನ ಬದುಕು ಎಷ್ಟು ಕಾಗದಗಳ ಮೇಲೆ ನಿಂತಿದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ವಿದೇಶದಿಂದ ಓದಲು ಬರುವವರು ದೀರ್ಘಾವಧಿಯ ವೀಸಾದಲ್ಲಿದ್ದರೆ ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ವಾಸದ ಅನುಮತಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ನಮ್ಮ ದೇಶದೊಳಗೇ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದರೂ ಆ ಲಾಡ್ಜಿನವರು 24 ಗಂಟೆಯೊಳಗೆ 'ಸಿ ಫಾರ್ಮ್' ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಆ ತಲೆನೋವೇ ಬೇಡವೆಂದು ಎಷ್ಟೋ ಸಣ್ಣ ಲಾಡ್ಜಿನವರು ವಿದೇಶಿ ಪಾಸ್‌ಪೋರ್ಟ್ ಕಂಡ ಕೂಡಲೇ "ರೂಮ್ ಖಾಲಿ ಇಲ್ಲ" ಅಂದುಬಿಡುತ್ತಾರೆ. ಅಂದರೆ ಅಗ್ಗದ ಪ್ರವಾಸಕ್ಕೆ ಬೇಕಾದ ಅಗ್ಗದ ರೂಮು ಅವನಿಗೆ ಸಿಗುವುದೇ ಕಷ್ಟ. ಬ್ಯಾಗ್ ಹೆಗಲಿಗೇರಿಸಿ ಥಟ್ಟನೆ ಹೊರಟುಬಿಡುವುದು ನನಗೆ ಹುಡುಗಾಟ, ಅವನಿಗೆ ಅಪಾಯ.

ಹಾಗಾದರೆ ರಜೆಯಲ್ಲಿ ಊರಿಗೇ ಹೋಗಬಹುದಲ್ಲ ಎಂದು ಕೇಳುವಷ್ಟು ದಡ್ಡ ನಾನಾಗಿರಲಿಲ್ಲ. ಆದರೆ ಅದಕ್ಕೂ ಹಿಂದೊಮ್ಮೆ ಪೆರ್ನಾಲ್ ರಜೆಗೆ ಮೊದಲು ಕೇಳಿಬಿಟ್ಟಿದ್ದೆ. 2014ರಲ್ಲಿ ರಾಜಧಾನಿ ಸನಾ ಹೂಥಿಗಳ ಕೈಗೆ ಹೋಯಿತು. 2015ರ ಮಾರ್ಚಿನಲ್ಲಿ ಸೌದಿ ನೇತೃತ್ವದ ವಿಮಾನ ದಾಳಿ ಶುರುವಾಯಿತು. ಆಗ ಭಾರತ 'ಆಪರೇಷನ್ ರಾಹತ್' ನಡೆಸಿ 4,600ಕ್ಕೂ ಹೆಚ್ಚು ಭಾರತೀಯರನ್ನೂ 41 ದೇಶಗಳ 900ಕ್ಕೂ ಹೆಚ್ಚು ಮಂದಿಯನ್ನೂ ಯಮನಿನಿಂದ ಹೊರಗೆ ಕರೆತಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸನಾ ವಿಮಾನ ನಿಲ್ದಾಣ 2016ರ ಆಗಸ್ಟಿನಿಂದ 2022ರ ಮೇವರೆಗೆ ಸಾಮಾನ್ಯ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತ್ತು. ಗೆಳೆಯನ ಸೆಯೂನಿಗೆ ಕೈರೋ ಅಥವಾ ಅಮ್ಮಾನ್ ಸುತ್ತಿ ಹೋಗುವ ದಾರಿಯೇನೋ ಇತ್ತು. ಅದರ ಟಿಕೆಟ್ ಹಣದಲ್ಲಿ ಅವನು ಹೈದರಾಬಾದಿನಲ್ಲಿ ಒಂದು ವರ್ಷ ಊಟ ಮಾಡಬಹುದಿತ್ತು. ಉಮ್ಮನ ಮುಖ ನೋಡಿ ಅವನಿಗೆ ಮೂರು ವರ್ಷ ದಾಟಿತ್ತು.

ನೇಪಾಳದ ಯೋಜನೆ ಅಲ್ಲಿಗೆ ಮುಗಿಯಿತು. ರಾತ್ರಿ ಮೆಸ್ಸಿನಲ್ಲಿ ಇಬ್ಬರೂ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾಗ ಅಡುಗೆಯ ಚಾಚಾ ವಿಷಯ ಏನೆಂದು ಕೇಳಿದರು. ಹೇಳಿದೆವು. ಅವರು ಗೆಳೆಯನನ್ನು ಮೇಲಿಂದ ಕೆಳಗೆ ನೋಡಿ, "ಯಮನಿನವನಾಗಿ ಬರ್ಕಾಸ್ ನೋಡಿಲ್ವಾ? ಅಲ್ಲಿ ನಿಮ್ಮವರೇ ಇರೋದಲ್ವಾ?" ಎಂದರು. ಮರುದಿನ ಸುಬ್‌ಹಿ ನಮಾಝ್ ಆದ ಕೂಡಲೇ ಹೊರಟೆವು. ಲಗೇಜ್ ಇಲ್ಲ, ರೂಮ್ ಬುಕಿಂಗ್ ಇಲ್ಲ, ಸಿ ಫಾರ್ಮ್ ಇಲ್ಲ. ಇಡೀ ದಿನ ಸಿಟಿ ಬಸ್ಸುಗಳಲ್ಲಿ ಓಡಾಡಬಹುದಾದ ಟಿಕೆಟ್ ಒಂದೊಂದು, ಅಷ್ಟೇ.

ಅಫ್ಜಲ್‌ಗಂಜ್ ದಾಟಿ ಮೂಸಿ ನದಿಯ ಸೇತುವೆ ಇಳಿದರೆ ಹಳೇ ನಗರ. ಮದೀನಾ ಬಿಲ್ಡಿಂಗ್ ಎಂಬ ಸ್ಟಾಪು ಬಂದಾಗ ಗೆಳೆಯ ಕಿವಿ ನಿಮಿರಿಸಿದ. ಒಂದು ಕಾಲದಲ್ಲಿ ಆ ಕಟ್ಟಡದ ಬಾಡಿಗೆ ಹಣ ಮದೀನಾದ ಬಡವರಿಗೆ ಹೋಗುತ್ತಿತ್ತು ಎಂದು ಹಳೇ ನಗರದವರು ಹೇಳುತ್ತಾರೆ. 1591ರ ಚಾರ್‌ಮಿನಾರ್ ಬಳಿ ಬಸ್ಸು ಬದಲಿಸಿದೆವು. ಅಲ್ಲಿಂದ ದಕ್ಷಿಣಕ್ಕೆ, ಚಂದ್ರಾಯನಗುಟ್ಟ ದಾಟಿದ ಮೇಲೆ ಬರ್ಕಾಸ್.

ಬಸ್ಸಿಳಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಲುಂಗಿಗಳು. ಹಾಸ್ಟೆಲಿನಲ್ಲಿ ನಾನು ಲುಂಗಿ ಉಟ್ಟರೆ ಉತ್ತರದ ಹುಡುಗರು ನಗುತ್ತಿದ್ದರು. ಇಲ್ಲಿ ಮುದುಕರು, ಯುವಕರು ಎಲ್ಲರೂ ಲುಂಗಿಯವರೇ. ಹೆಗಲ ಮೇಲೊಂದು ಚೌಕುಳಿ ರುಮಾಲು. ಗೆಳೆಯ ತನ್ನ ಭಾಷೆಯಲ್ಲಿ "ಫೂತಾ!" ಎಂದು ಬೆರಳು ತೋರಿಸಿದ. ಅವನ ಊರಿನ ಗಂಡಸರೂ ಉಡುವುದು ಅದನ್ನೇ. ಅಂಗಡಿಗಳ ಬೋರ್ಡುಗಳಲ್ಲಿ 'ಬಾ' ಎಂದೂ 'ಬಿನ್' ಎಂದೂ ಶುರುವಾಗುವ ಮನೆತನದ ಹೆಸರುಗಳು. ಅವು ಹದ್ರಮೌತಿನ ಹೆಸರುಗಳು. ಅವನು ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ನಡೆದ. ಶಾಲೆಯಲ್ಲಿ ಹಾಜರಿ ಕರೆದಂತೆ ಕೇಳುತ್ತಿತ್ತು.

ಬೆಳಗಿನ ತಿಂಡಿಗೆ ಬರ್ಕಾಸಿನಲ್ಲಿ ಸಿಗುವುದು ಜರೀಶ್. ಗೋಧಿಯನ್ನೂ ಮಾಂಸವನ್ನೂ ಗಂಟೆಗಟ್ಟಲೆ ಬೇಯಿಸಿ ಕಡೆದು ಮಾಡಿದ್ದು. ಖಾರದ್ದು ಬೇರೆ, ಸಿಹಿಯದು ಬೇರೆ. ರಮಳಾನಿನಲ್ಲಿ ಹೈದರಾಬಾದಿನ ಬೀದಿ ಬೀದಿಯಲ್ಲಿ ಸಿಗುವ ಹಲೀಮಿನ ಮೂಲ ಇದೇ ಅರಬ್ ಅಡುಗೆ. ಆರನೇ ನಿಜಾಮ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಅರಬರ ಜೊತೆ ಬಂದ 'ಹರೀಸ್' ಇಲ್ಲಿನ ಮಸಾಲೆ ಕೂಡಿ ಹಲೀಮ್ ಆಯಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನನಗೆ ಮಾತ್ರ ಮೊದಲ ತುತ್ತಿಗೆ ನೆನಪಾದದ್ದು ಅಲೀಸ. ಮಲಬಾರಿನ ಕಡೆಯ ಮದುವೆಗಳಿಗೆ ಹೋದವರಿಗೆ ಅದರ ರುಚಿ ಗೊತ್ತಿರುತ್ತದೆ. ಅದೇ ಗೋಧಿ, ಅದೇ ಮಾಂಸ, ಮೇಲೆ ತುಪ್ಪ. ಹರೀಸ್, ಅಲೀಸ. ಹೆಸರೇ ಹೇಳುತ್ತದೆ ಎರಡೂ ಒಂದೇ ಮನೆಯವು ಎಂದು. ಗೆಳೆಯ ಮಾತಿಲ್ಲದೆ ಒಂದು ತಟ್ಟೆ ಮುಗಿಸಿ ಎರಡನೆಯದಕ್ಕೆ ಕೈ ಎತ್ತಿದ.

ಚಹಾ ಕುಡಿಯಲು ಕೂತ ಅಂಗಡಿಯ ಬೆಂಚಿನಲ್ಲಿ ಒಬ್ಬ ಹಿರಿಯರಿದ್ದರು. ಎಪ್ಪತ್ತು ದಾಟಿರಬೇಕು. ಗೆಳೆಯ ಸಲಾಂ ಹೇಳಿದ ರೀತಿಯಲ್ಲೇ ಅವರಿಗೆ ಗೊತ್ತಾಯಿತು. "ಯಾವ ವಾದಿ?" ಎಂದು ಅರಬಿಯಲ್ಲಿ ಕೇಳಿದರು. ವಾದಿ ಎಂದರೆ ಕಣಿವೆ. ಹದ್ರಮೌತಿನಲ್ಲಿ ಊರು ಕೇಳುವುದು ಹಾಗೆ. ಗೆಳೆಯ ತನ್ನ ಕಣಿವೆ, ತನ್ನ ಹಳ್ಳಿ ಹೇಳಿದ. ಹಿರಿಯರ ಅಜ್ಜ ದೋಅನ್ ಕಣಿವೆಯಿಂದ ಬಂದವರಂತೆ. ಇವರು ಅದನ್ನು ಕಂಡವರಲ್ಲ. ಅವರ ಅರಬಿಯಲ್ಲಿ ಉರ್ದು ಬಹಳ ಬೆರೆತಿತ್ತು. ಆದರೂ ನಡುನಡುವೆ ಕೆಲವು ಮಾತುಗಳಿಗೆ ಗೆಳೆಯ ಬೆರಗಾಗಿ ನನ್ನ ಕಡೆ ತಿರುಗಿ, "ಈ ಶಬ್ದ ನಮ್ಮಲ್ಲಿ ಈಗ ಅಜ್ಜಿಯಂದಿರು ಮಾತ್ರ ಹೇಳೋದು" ಎನ್ನುತ್ತಿದ್ದ.

ಬರ್ಕಾಸ್ ಎಂಬ ಹೆಸರು ಬಂದದ್ದು ಬ್ಯಾರಕ್ಸ್ ಎಂಬುದರಿಂದ, ಅಂದರೆ ಸೈನಿಕರ ವಸತಿ. ಮಳೆ ಕಡಿಮೆ, ಜಮೀನು ಕಡಿಮೆ ಇದ್ದ ಹದ್ರಮೌತಿನಿಂದ ಜನ ನೂರಾರು ವರ್ಷಗಳಿಂದ ಪೂರ್ವ ಆಫ್ರಿಕಾಕ್ಕೆ, ಜಾವಾಕ್ಕೆ, ಭಾರತಕ್ಕೆ ದುಡಿಯಲು ಹೋಗುತ್ತಿದ್ದರು. 19ನೇ ಶತಮಾನದಲ್ಲಿ ನಿಜಾಮರ ಸಂಸ್ಥಾನದಲ್ಲಿ ಅರಬ್ ಸೈನಿಕರಿಗೆ ಬಹಳ ಬೇಡಿಕೆಯಿತ್ತು. ಅವರ ಮುಖಂಡರನ್ನು ಜಮಾದಾರರು ಎನ್ನುತ್ತಿದ್ದರು. ಅಂತಹ ಒಬ್ಬ ಜಮಾದಾರ ಉಮರ್ ಬಿನ್ ಅವದ್ ಅಲ್ ಖುಅೈತಿ. ಅವರೂ ಅವರ ಮಕ್ಕಳೂ ಹೈದರಾಬಾದಿನಲ್ಲಿ ಗಳಿಸಿದ ಹಣದ ಬಲದಿಂದ ಹದ್ರಮೌತಿನ ಕರಾವಳಿಯಲ್ಲಿ ಒಂದು ರಾಜ್ಯವನ್ನೇ ಕಟ್ಟಿದರು. ಮುಕಲ್ಲಾ ಅದರ ರಾಜಧಾನಿ. ಆ ಖುಅೈತಿ ಸುಲ್ತಾನರ ಆಳ್ವಿಕೆ 1967ರವರೆಗೆ ನಡೆಯಿತು. ಇವತ್ತು ನಮ್ಮವರು ಗಲ್ಫಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುತ್ತಾರೆ. ಆಗ ಅರಬರಿಗೆ ಹೈದರಾಬಾದೇ ಗಲ್ಫ್. ಗೆಳೆಯ ಶಾಲೆಯಲ್ಲಿ ಖುಅೈತಿ ಸುಲ್ತಾನರ ಬಗ್ಗೆ ಓದಿದ್ದ. ಆ ಹಣ ಎಲ್ಲಿಂದ ಬಂತು ಎಂಬುದು ಮಾತ್ರ ಅವನಿಗೆ ಅವತ್ತು ಚಹಾ ಬೆಂಚಿನಲ್ಲಿ ತಿಳಿಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅರಬ್ ಸೈನಿಕರ ಕೆಲಸ ಹೋಯಿತು. ಎಷ್ಟೋ ಮಂದಿಯನ್ನು ಹಿಡಿದಿಟ್ಟು, ಕೆಲವರನ್ನು ಅವರ ದೇಶಕ್ಕೆಂದು ಕಳಿಸಲಾಯಿತು. ಇಲ್ಲೇ ಹುಟ್ಟಿ, ಇಲ್ಲಿನ ತಾಯಂದಿರ ಹಾಲು ಕುಡಿದು ಬೆಳೆದವರು ತಾವು ಯಾವ ದೇಶದವರೆಂದು ಕಾಗದದಲ್ಲಿ ತೋರಿಸಬೇಕಾಯಿತು. ಉಳಿದವರು ಹಣ್ಣಿನ ತೋಟ, ಸಣ್ಣಪುಟ್ಟ ವ್ಯಾಪಾರ ಎಂದು ಬದುಕು ಕಟ್ಟಿಕೊಂಡರು. ಬರ್ಕಾಸಿನ ಪೇರಳೆಹಣ್ಣಿಗೆ ಈಗಲೂ ನಗರದಲ್ಲಿ ಹೆಸರಿದೆ.

ಅದೇ 1948 ಇನ್ನೊಂದು ಬಗೆಯವರನ್ನೂ ದಾರಿಯಲ್ಲಿ ನಿಲ್ಲಿಸಿತು. ಡಾ. ಮುಹಮ್ಮದ್ ಹಮೀದುಲ್ಲಾಹ್ 1908ರಲ್ಲಿ ಇದೇ ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಬಾನ್ ಮತ್ತು ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದವರು. ಹಸ್ತಪ್ರತಿಗಳನ್ನು ಹುಡುಕಿಕೊಂಡು ದೇಶ ದೇಶಗಳ ಗ್ರಂಥಾಲಯಗಳನ್ನು ಅಲೆದವರು. ಬಹಳ ಹಳೆಯ ಹದೀಸ್ ಸಂಗ್ರಹಗಳಲ್ಲಿ ಒಂದಾದ ಹಮ್ಮಾಮ್ ಬಿನ್ ಮುನಬ್ಬಿಹ್ ಅವರ ಸಹೀಫಾ ಅವರ ಕೈಗೆ ಸಿಕ್ಕಿದ್ದು ಬರ್ಲಿನ್ ಮತ್ತು ದಮಾಸ್ಕಸ್‌ನ ಗ್ರಂಥಾಲಯಗಳಲ್ಲಿ. ಆ ಹಮ್ಮಾಮ್ ಯಮನಿನವರು. ಹೈದರಾಬಾದ್ ಭಾರತಕ್ಕೆ ಸೇರಿದಾಗ ಹಮೀದುಲ್ಲಾಹ್ ಪರದೇಶದಲ್ಲಿದ್ದರು. ಮತ್ತೆ ಇಲ್ಲಿಗೆ ಬಂದು ನೆಲೆಸಲಿಲ್ಲ. ಪ್ಯಾರಿಸ್ಸಿನಲ್ಲೇ ದಶಕಗಳನ್ನು ಕಳೆದರು. 1959ರಲ್ಲಿ ಕುರ್‌ಆನಿನ ಫ್ರೆಂಚ್ ಅನುವಾದ ಪ್ರಕಟಿಸಿದರು. 2002ರಲ್ಲಿ ತೀರಿಕೊಂಡರು. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಇದು ನಮ್ಮ ಕಾಲದ ಕಥೆ ಮಾತ್ರ ಅಲ್ಲ" ಎಂದ.

ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದರು. "ದೋಅನ್‌ನಲ್ಲಿ ಈಗಲೂ ಜೇನು ಸಿಗುತ್ತಾ?" ಆ ಕಣಿವೆಯ ಜೇನು ಅರಬ್ ನಾಡಿನಲ್ಲೆಲ್ಲ ಹೆಸರಾದದ್ದು. ಇವರು ರುಚಿ ನೋಡಿರಲಿಲ್ಲ. ಅಜ್ಜನ ಬಾಯಲ್ಲಿ ಕೇಳಿದ್ದಷ್ಟೆ. "ಸಿಗುತ್ತೆ. ಯುದ್ಧ ಮನುಷ್ಯರಿಗೆ, ಜೇನುನೊಣಗಳಿಗಲ್ಲ" ಎಂದ ಗೆಳೆಯ. ಆಮೇಲೆ ಏನನ್ನಿಸಿತೋ, ಉಮ್ಮನಿಗೆ ವಿಡಿಯೋ ಕರೆ ಹಚ್ಚಿದ. ನೆಟ್‌ವರ್ಕ್ ಎರಡು ಸಲ ಕಡಿದು ಮೂರನೇ ಸಲ ಸಿಕ್ಕಿತು. ಮೊಬೈಲನ್ನು ಬೀದಿಯ ಕಡೆ ತಿರುಗಿಸಿದ. ಲುಂಗಿ, ರುಮಾಲು, ಬೆಂಚಿನ ಮೇಲಿನ ಹಿರಿಯರು. ಆಚೆಯಿಂದ ಆ ತಾಯಿ ಗಾಬರಿಯಿಂದ ಏನೋ ಕೇಳಿದರು. ಗೆಳೆಯ ಆಮೇಲೆ ಅರ್ಥ ಹೇಳಿದ. "ಹೇಳದೆ ಕೇಳದೆ ಊರಿಗೆ ಬಂದುಬಿಟ್ಟೆಯಾ? ಯಾವ ಊರಲ್ಲಿದ್ದಿ?" ಎಂದರಂತೆ. ಹಿರಿಯರು ಎದ್ದು ನಿಂತು ಸಲಾಂ ಹೇಳಿದರು. ನಿಮ್ಮ ಮಗ ಇಲ್ಲಿ ನಮ್ಮ ಮಗ ಎಂದರು. ಕರೆ ಮುಗಿದ ಮೇಲೆ ಗೆಳೆಯ ಅಂಗಡಿ ಪಕ್ಕದ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದ.

ನನ್ನ ಪಾಲಿನದ್ದು ಬಂದದ್ದು ಮಧ್ಯಾಹ್ನದ ಮೇಲೆ. ಮೂರೂವರೆಯ ಹೊತ್ತಿಗೆ ಅಸರ್ ಬಾಂಗ್ ಕೇಳಿಸಿತು. ನಾನು ಗಡಿಯಾರ ನೋಡಿಕೊಂಡೆ. ಹೈದರಾಬಾದಿನ ಹೆಚ್ಚಿನ ಮಸೀದಿಗಳಲ್ಲಿ ಅಸರ್ ಅದಕ್ಕಿಂತ ಮುಕ್ಕಾಲು ಗಂಟೆಯಾದರೂ ತಡ. ಅಲ್ಲಿನವರು ಹನಫಿಗಳು. ಒಂದು ವಸ್ತುವಿನ ನೆರಳು ಅದರ ಎರಡರಷ್ಟಾದ ಮೇಲೆ ಅಸರ್ ಎಂಬುದು ಅವರ ಲೆಕ್ಕ. ಶಾಫಿಗಳಿಗೆ ನೆರಳು ಅದರಷ್ಟೇ ಆದರೆ ಸಾಕು. ಎರಡು ಲೆಕ್ಕದಲ್ಲೂ ನಡುಮಧ್ಯಾಹ್ನದ ನೆರಳನ್ನು ಬಿಟ್ಟು ಎಣಿಸಬೇಕು. ಹದ್ರಮೌತಿನವರು ಶಾಫಿಗಳು. ನಮ್ಮ ಕರಾವಳಿಯ ಬ್ಯಾರಿಗಳೂ ಶಾಫಿಗಳು. ಒಂದೂವರೆ ವರ್ಷದಿಂದ ಈ ನಗರದಲ್ಲಿ ನನ್ನ ಅಸರ್ ಸಮಯಕ್ಕೆ ಬಾಂಗ್ ಆದದ್ದು ಅವತ್ತೇ. ನಮಾಝಿನಲ್ಲಿ ಪಕ್ಕದಲ್ಲಿ ನಿಂತವರ ಕೈ ಕಟ್ಟಿದ ರೀತಿ, ರುಕೂವಿಗೆ ಹೋಗುವಾಗ ಕೈ ಎತ್ತಿದ ರೀತಿ, ಎಲ್ಲವೂ ಊರಿನ ಪಳ್ಳಿಯದ್ದೇ. ಗೆಳೆಯನನ್ನು ಅವನ ಊರಿಗೆ ಕರೆತಂದೆ ಎಂದುಕೊಂಡಿದ್ದವನು ನನ್ನ ಊರಲ್ಲೇ ನಿಂತಿದ್ದೆ.

ಇದೇನೂ ಆಕಸ್ಮಿಕವಲ್ಲ. 1325ರಲ್ಲಿ, 21ನೇ ವಯಸ್ಸಿನಲ್ಲಿ ಮೊರೊಕ್ಕೋದ ತಾಂಜಿಯರಿನಿಂದ ಹೊರಟ ಇಬ್ನು ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದಿದ್ದರು. ಮಂಗಳೂರಿನ ಬಗ್ಗೆ ಬರೆಯುತ್ತಾ, ಪರ್ಶಿಯಾ ಮತ್ತು ಯಮನಿನ ಹೆಚ್ಚಿನ ವ್ಯಾಪಾರಿಗಳು ಬಂದಿಳಿಯುವುದು ಇಲ್ಲೇ ಎಂದಿದ್ದಾರೆ. ಅಲ್ಲಿನ ಖಾಝಿ ಶಾಫಿ ಎಂದೂ ದಾಖಲಿಸಿದ್ದಾರೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡದ್ದಾಗಿ ಹೇಳುತ್ತಾರೆ. ಇನ್ನೂ ದಕ್ಷಿಣಕ್ಕೆ, ಇಂದಿನ ಕಣ್ಣೂರು ಜಿಲ್ಲೆಯ ಏಳಿಮಲೆಯ ಮಸೀದಿಯಲ್ಲಿ ಓದುವ ಹುಡುಗರಿಗೆ ಖರ್ಚಿನ ಹಣ ಕೊಡುತ್ತಿದ್ದರು, ಪ್ರಯಾಣಿಕರಿಗೆ ಊಟ ಹಾಕುವ ಅಡುಗೆಮನೆಯೂ ಇತ್ತು. ಅಲ್ಲಿ ಅವರಿಗೆ ಸಿಕ್ಕ ವಿದ್ವಾಂಸರೊಬ್ಬರು ಆಫ್ರಿಕಾದ ಮೊಗದಿಶುವಿನವರು. ಮಕ್ಕಾದಲ್ಲಿ 14 ವರ್ಷ, ಮದೀನಾದಲ್ಲಿ 14 ವರ್ಷ ಇದ್ದು ಬಂದವರು. ಪಾಸ್‌ಪೋರ್ಟಿನ ಇಂದಿನ ರೂಪ ಗಟ್ಟಿಯಾದದ್ದು 1920ರ ಪ್ಯಾರಿಸ್ ಸಮ್ಮೇಳನದ ನಂತರ. ಅದಕ್ಕೂ ಮೊದಲಿನ ಈ ಓದುಗ ಪ್ರಯಾಣಿಕರನ್ನು ಸಾಕಿದ್ದು ಅವರ ಕಿಸೆಯ ಹಣವಲ್ಲ, ದಾರಿಯುದ್ದಕ್ಕೂ ಇದ್ದ ಮಸೀದಿಗಳ ಅಡುಗೆಮನೆಗಳು. ಪಳ್ಳಿ ದರ್ಸಿನ ಮುತಅಲ್ಲಿಮರಿಗೆ ಮಹಲ್ಲಿನ ಮನೆಗಳಿಂದ ಊಟ ಕೊಡುವ ನಮ್ಮೂರ ಪದ್ಧತಿಯೂ ಅದೇ ಸಾಲಿನದ್ದು. ಹದ್ರಮೌತಿನ ತರೀಮ್ ಪಟ್ಟಣದಿಂದ 18ನೇ ಶತಮಾನದಲ್ಲಿ ಮಲಬಾರಿಗೆ ಬಂದ ಮಂಬುರಂ ತಂಙಳರ ಹೆಸರು ಕೇಳದ ಮನೆ ನಮ್ಮಲ್ಲಿ ಕಡಿಮೆ. ಗೆಳೆಯನಿಗೆ ತರೀಮ್ ಎಂದರೆ ಅವನ ಹಳ್ಳಿಯಿಂದ ಅಷ್ಟೇನೂ ದೂರವಲ್ಲದ ಪೇಟೆ.

ಸಂಜೆ ಹಾಸ್ಟೆಲಿಗೆ ಮರಳಿ ಲೆಕ್ಕ ಹಾಕಿದೆವು. ಬಸ್ಸು, ಜರೀಶ್, ಚಹಾ, ಒಂದು ಕಿಲೋ ಪೇರಳೆ, ಎಲ್ಲ ಸೇರಿ ಇಬ್ಬರಿಗೂ ಐನೂರು ರೂಪಾಯಿ ದಾಟಿರಲಿಲ್ಲ. ಮಧ್ಯಾಹ್ನದ ಮಂದಿಗೆ ಹಿರಿಯರು ದುಡ್ಡು ಕೊಡಲು ಬಿಟ್ಟಿರಲಿಲ್ಲ.

ಹೊರ ಊರುಗಳಲ್ಲಿ, ಹೊರ ದೇಶಗಳಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಹೇಳಬೇಕಾದ್ದು ಇಷ್ಟು. ಥಟ್ಟನೆ ಹೊರಡುವ ಪ್ರವಾಸಗಳು ಚೆಂದ, ಹೋಗಿ. ನೇಪಾಳಕ್ಕಾದರೆ ಮತದಾರರ ಚೀಟಿ ಅಥವಾ ಪಾಸ್‌ಪೋರ್ಟ್ ಇರಲಿ, ಯುವಕರಿಗೆ ಆಧಾರ್ ಕಾರ್ಡ್ ಸಾಲದು. ಜೊತೆಗೆ ವಿದೇಶಿ ಗೆಳೆಯರಿದ್ದರೆ ಟಿಕೆಟ್ ತೆಗೆಯುವ ಮೊದಲು ಅವರ ಪಾಸ್‌ಪೋರ್ಟ್, ವೀಸಾ, ವಾಸದ ಅನುಮತಿ ಎಲ್ಲಿಯವರೆಗಿದೆ ಕೇಳಿ. ಲಾಡ್ಜಿನವರಿಗೆ ಮೊದಲೇ ಫೋನ್ ಮಾಡಿ ಸಿ ಫಾರ್ಮ್ ಮಾಡುತ್ತಾರಾ ವಿಚಾರಿಸಿ. ಅರುಣಾಚಲ, ಸಿಕ್ಕಿಂನಂತಹ ಕಡೆ ಅವರಿಗೆ ಬೇರೆಯೇ ಪರವಾನಗಿ ಬೇಕು. ಯಾವುದೂ ಆಗದಿದ್ದರೆ ಬೇಸರ ಬೇಡ, ನೀವಿರುವ ನಗರದಲ್ಲೇ ಅವರ ನಾಡಿನವರು ಯಾವ ಬೀದಿಯಲ್ಲಿದ್ದಾರೆ ಹುಡುಕಿ. ಮತ್ತೊಂದು ಮಾತು. ಹಬ್ಬಕ್ಕೆ ಊರಿಗೆ ಹೋಗಲಿಲ್ಲವಾ ಎಂದು ಅವರನ್ನು ಕೇಳಬೇಡಿ. ನಿಮ್ಮ ಊರಿಗೆ ಕರೆಯಿರಿ.

ಗೆಳೆಯನಿಗೆ ಹೊಸ ಪಾಸ್‌ಪೋರ್ಟ್ ಬಂತು, ಡಿಗ್ರಿಯೂ ಆಯಿತು. ಈಗ ಅವನು ಸೆಯೂನಿನಲ್ಲಿ ಮೇಷ್ಟ್ರು. ಕಳೆದ ಪೆರ್ನಾಲಿಗೆ ಫೋನ್ ಮಾಡಿದಾಗ ನನ್ನ ಕ್ಷೇಮ ಕೇಳುವ ಮೊದಲೇ ಕೇಳಿದ, "ಬರ್ಕಾಸಿಗೆ ಹೋಗಿದ್ದೆಯಾ? ಹಿರಿಯರು ಹೇಗಿದ್ದಾರೆ?" ನಾನು ಹೋಗಿರಲಿಲ್ಲ. ದೋಅನ್ ಕಣಿವೆಯ ಒಂದು ಬಾಟಲಿ ಜೇನು ತೆಗೆದಿಟ್ಟಿದ್ದಾನಂತೆ. ಈ ಕಡೆ ಬರುವವರು ಯಾರಾದರೂ ಸಿಕ್ಕಿದರೆ ಕೊಟ್ಟು ಕಳಿಸುತ್ತಾನೆ. ಬಂದ ದಿನ ಸಿಟಿ ಬಸ್ಸು ಹತ್ತಿ ಅದನ್ನು ಅವರಿಗೆ ತಲುಪಿಸುವ ಕೆಲಸ ನನ್ನದು.